ಹಳೆಯ ವೀಲ್, ಹೊಸ ಪೈಥಾನ್

ಇವತ್ತು ಬದಿಯಡ್ಕದ ಲ್ಯಾಬಿನಲ್ಲಿ ಪೈಥಾನ್ 3.12 ಹಾಕಿದ ಮೆಷಿನ್‌ಗೆ ಡೇಟಾ ನಿಭಾಯಿಸುವ ಪ್ಯಾಕೇಜ್ ಪಾಂಡಾಸ್ ಇಳಿಯಲೇ ಇಲ್ಲ. ಲೋಕಲ್ ಸರ್ವರ್‌ನಲ್ಲಿ ಫೈಲ್ ಇದೆ. ಹೆಸರಿನಲ್ಲಿ ಮಾತ್ರ ಸಿಪಿ311 ಅಂತಿದೆ, ಅಂದರೆ ಅದು ಪೈಥಾನ್ 3.11ಕ್ಕೆ.

ಅಲ್ಲೇ ಇರುವುದು ವಿಷಯ. ಸಿ ಕೋಡ್ ಕಂಪೈಲ್ ಮಾಡಿ ಕಟ್ಟಿದ ವೀಲ್ (ಸಿದ್ಧ ಪ್ಯಾಕೇಜ್ ಫೈಲ್) ಸಾಮಾನ್ಯವಾಗಿ ಆ ಒಂದು ಆವೃತ್ತಿಗೆ ಮಾತ್ರ. ಪ್ಯಾಕೇಜ್ ಹಾಕುವ ಸಾಧನ ಪಿಪ್, ಫೈಲ್ ಹೆಸರು ನೋಡಿಯೇ ಬದಿಗಿಡುತ್ತದೆ.

ಹಾಗಂತ ಸರ್ವರ್‌ನ ಇಡೀ ರೆಪೊ (ಪ್ಯಾಕೇಜ್ ಸಂಗ್ರಹ) ಮತ್ತೆ ತುಂಬಿಸಬೇಡಿ ಮಾರಾಯ್ರೆ. ಪಿವೈ3-ನನ್-ಎನಿ ಅಂತಿದ್ದರೆ ಶುದ್ಧ ಪೈಥಾನ್, ಹಾಗೇ ಇರಲಿ. ಸಿಪಿ38-ಎಬಿಐ3 ಅಂತಿದ್ದರೆ 3.8 ಮತ್ತು ಅದರ ಮೇಲಿನ ಎಲ್ಲಕ್ಕೂ ಆಗುತ್ತದೆ. ಸಿಪಿ311-ಸಿಪಿ311 ಇರುವವನ್ನಷ್ಟೇ ಪಟ್ಟಿ ಮಾಡಿ. ಮೊದಲು ಲೆಕ್ಕದ ಪ್ಯಾಕೇಜ್ ನಂಪೈ, ಆಮೇಲೆ ಅದನ್ನು ನಂಬಿಕೊಂಡಿರುವ ಸೈಪೈ, ಪಾಂಡಾಸ್.

ಅವುಗಳ 3.12ರ ಫೈಲ್‌ಗಳನ್ನು ನೆಟ್ ಇರುವಾಗಲೇ ಇಳಿಸಿಡಿ, ನಮ್ಮ ಕಡೆಯ ಮಳೆಗಾಲ ಗೊತ್ತಲ್ಲ. ಪಿಪ್ ಡೌನ್‌ಲೋಡ್‌ಗೆ ಆವೃತ್ತಿ 3.12, ಬೈನರಿ ಮಾತ್ರ ಎಂದು ಕೊಟ್ಟರೆ ಹಳೆಯ ಮೆಷಿನ್‌ನಿಂದಲೇ ಹೊಸದರ ಫೈಲ್ ಬರುತ್ತದೆ. ಲ್ಯಾಬಿನಲ್ಲಿ ವಿಂಡೋಸ್, ಸರ್ವರ್‌ನಲ್ಲಿ ಲಿನಕ್ಸ್ ಇದ್ದರೆ ಪ್ಲಾಟ್‌ಫಾರ್ಮ್ ಹೆಸರನ್ನೂ ಹೇಳಲೇಬೇಕು.

ಇನ್ನೊಂದು. 3.12ರಲ್ಲಿ ಪ್ಯಾಕೇಜ್ ಕಟ್ಟುವ ಹಳೆಯ ಸಾಧನ ಡಿಸ್ಟ್‌ಯುಟಿಲ್ಸ್ ಇಲ್ಲ. ಹೊಸ ವೆನ್ವ್‌ಗೆ (ಪ್ರತ್ಯೇಕ ಪೈಥಾನ್ ಪರಿಸರ) ಅದೇ ಕೆಲಸದ ಸೆಟಪ್‌ಟೂಲ್ಸ್ ಕೂಡ ತಾನಾಗಿ ಬರುವುದಿಲ್ಲ. ಆದ್ದರಿಂದ ಸೆಟಪ್‌ಟೂಲ್ಸ್ ಮತ್ತು ವೀಲ್ ಎಂಬ ಹೆಸರಿನದೇ ಪ್ಯಾಕೇಜನ್ನು ರೆಪೊದಲ್ಲಿ ಇಡಿ. ಇಲ್ಲದಿದ್ದರೆ ಸೋರ್ಸ್‌ನಿಂದ ಕಟ್ಟುವ ಪ್ಯಾಕೇಜ್‌ಗಳು ನೆಟ್ ಇಲ್ಲದ ದಿನ ಅರ್ಧದಲ್ಲೇ ನಿಲ್ಲುತ್ತವೆ.

ಆವೃತ್ತಿಗೊಂದು ಫೋಲ್ಡರ್ ಮಾಡುವುದು ನನಗೆ ಸರಿ ಕಾಣುವುದಿಲ್ಲ. ಎಲ್ಲ ಒಂದೇ ಕಡೆ ಇರಲಿ, ಆರಿಸುವ ಕೆಲಸ ಪಿಪ್‌ನದ್ದು. 3.11ರ ಕೊನೆಯ ಮೆಷಿನ್ ಬದಲಾಗುವವರೆಗೆ ಹಳೆಯ ಒಂದು ಫೈಲನ್ನೂ ಅಳಿಸಬೇಡಿ.