ಟ್ರೈನಲ್ಲಿ ಆಫೀಸಿನ ಫೋನ್ ಬಂದರೆ ಯಾಕೆ ಇಟ್ಟುಬಿಡ್ತೀಯ?

ತುಮಕೂರಿಂದ ಬೆಂಗಳೂರಿಗೆ ದಿನಾ ಓಡಾಡುವ ನಮ್ಮ ಬೋಗಿಯಲ್ಲಿ ಈ ಪ್ರಶ್ನೆಗೆ ರಜೆಯೇ ಇಲ್ಲ. ‘ಫೋನ್ ಬಂದ್ರೆ ಇಳಿದ್ಮೇಲೆ ಮಾಡ್ತೀನಿ ಅಂತ ಇಟ್ಬಿಡ್ತೀಯಲ್ಲ ಗುರೂ, ನೀನು ಬ್ಯಾಂಕಿನವನೋ ಸಿಬಿಐನವನೋ?’ ಮದುವೆ ಮನೆಯ ಪಂಕ್ತಿಯಲ್ಲೂ ಕೇಳುತ್ತಾರೆ, ಸ್ವಲ್ಪ ಮೆಲ್ಲಗೆ.

ನಾನಿರುವುದು ಸಾಲ ವಸೂಲಿ ವಿಭಾಗದಲ್ಲಿ. ಗ್ರಾಹಕರ ವಿಷಯ ಗೋಪ್ಯವಾಗಿಡುತ್ತೇನೆಂದು ಕೆಲಸಕ್ಕೆ ಸೇರುವಾಗಲೇ ಸಹಿ ಹಾಕಿದ್ದೇನೆ. ರಾಷ್ಟ್ರೀಕೃತ ಬ್ಯಾಂಕುಗಳಿಗಂತೂ 1970ರ ಬ್ಯಾಂಕ್ ರಾಷ್ಟ್ರೀಕರಣ ಕಾಯ್ದೆಯ 13ನೇ ಕಲಮೇ ಇದಕ್ಕಿದೆ. ನಿಜ ಹೇಳಬೇಕೆಂದರೆ ಆ ಸಹಿಗಿಂತ ನಮ್ಮೂರಿನ ಕಿವಿಗೇ ನನಗೆ ಹೆದರಿಕೆ ಜಾಸ್ತಿ.

ಬೆಂಗಳೂರಿನ ಮೆಟ್ರೊದಲ್ಲಿ ‘ತುಮಕೂರಿನ ಮಂಡಿಪೇಟೆ ಪಾರ್ಟಿ ಮೂರು ಕಂತು ಕಟ್ಟಿಲ್ಲ’ ಅಂದರೆ ಯಾರೂ ತಲೆ ಎತ್ತಿಯೂ ನೋಡುವುದಿಲ್ಲ. ಅದೇ ಮಾತನ್ನು ನಮ್ಮ ಟ್ರೈನು ತುಮಕೂರು ಪಕ್ಕದ ಹಿರೇಹಳ್ಳಿ ದಾಟುವಾಗ ಆಡಿ ನೋಡಿ. ಎದುರು ಸೀಟಿನವರು ‘ಎಣ್ಣೆ ಅಂಗಡಿಯೋರಾ, ಅಕ್ಕಿ ಮಂಡಿಯೋರಾ?’ ಅಂತಾರೆ. ಇಸ್ಪೀಟು ಕಲೆಸುತ್ತಿದ್ದವರು ಕೈ ನಿಲ್ಲಿಸಿ, ‘ಮೊನ್ನೆ ಗೃಹಪ್ರವೇಶ ಮಾಡಿದ್ರಲ್ಲ, ಅವರೇ ಇರ್ಬೇಕು’ ಅಂತಾರೆ. ಹೆಸರು ನಾನು ಹೇಳಿರುವುದಿಲ್ಲ, ಅವರೇ ಹುಡುಕಿಕೊಂಡಿರುತ್ತಾರೆ. ಎಷ್ಟೋ ಸಲ ತಪ್ಪು ಹೆಸರನ್ನು! ಅಕ್ಕಿ ಮಂಡಿಯವರು ಪಾಪ, ಒಂದು ಕಂತೂ ತಪ್ಪಿಸದವರು.

‘ಸಾಲ ಕಟ್ಟದವರ ಹೆಸರು ಹೇಗೂ ಪೇಪರಲ್ಲಿ ಬರುತ್ತಲ್ಲ’ ಎನ್ನುವವರಿದ್ದಾರೆ. ಬರುತ್ತದೆ, ಆದರೆ ಯಾವಾಗ ಎಂಬುದನ್ನು ನೋಡಬೇಕು. ಕಂತು ಬಾಕಿ ಬಿದ್ದು 90 ದಿನ ದಾಟಿದರೆ ಅದು ಕೆಟ್ಟ ಸಾಲ, ಬ್ಯಾಂಕಿನ ಭಾಷೆಯಲ್ಲಿ ಎನ್‌ಪಿಎ ಆಗುತ್ತದೆ. ಆಮೇಲೆ, ಅಡವಿಟ್ಟ ಆಸ್ತಿಯಿಂದ ಸಾಲ ವಸೂಲಿ ಮಾಡಲು ಬ್ಯಾಂಕಿಗೆ ಅಧಿಕಾರ ಕೊಡುವ 2002ರ ಸರ್ಫೇಸಿ ಕಾಯ್ದೆಯಡಿ ನೋಟಿಸ್ ಹೋಗುತ್ತದೆ, ಕಟ್ಟಲು 60 ದಿನ ಸಮಯ. ಆಗಲೂ ಕಟ್ಟದೆ ಬ್ಯಾಂಕು ಆಸ್ತಿಯನ್ನು ಸ್ವಾಧೀನಕ್ಕೆ ತೆಗೆದುಕೊಂಡ ಮೇಲೆ ಎರಡು ಪತ್ರಿಕೆಗಳಲ್ಲಿ ಪ್ರಕಟಣೆ. ಆ 60 ದಿನಗಳಲ್ಲಿ ಸೈಟು ಮಾರಿ, ಒಡವೆ ಅಡವಿಟ್ಟು, ಭಾವಮೈದುನನ ಕೈಕಾಲು ಹಿಡಿದು ಬಾಕಿ ತೀರಿಸುವವರನ್ನು ನಾನು ನೋಡುತ್ತಲೇ ಇರುತ್ತೇನೆ. ಅಷ್ಟರೊಳಗೆ ಸುದ್ದಿ ಮಂಡಿಪೇಟೆ ತಲುಪಿದರೆ ಮಾಲು ಕಡ ಕೊಡುತ್ತಿದ್ದವರು ಕೈ ಎತ್ತುತ್ತಾರೆ, ಸೈಟು ಕೊಳ್ಳಲು ಬಂದವನು ರೇಟು ಇಳಿಸುತ್ತಾನೆ. ಕಟ್ಟುವ ದಾರಿಯೇ ಮುಚ್ಚಿಹೋಗುತ್ತದೆ. ಬ್ಯಾಂಕಿಗೂ ಅದರಿಂದ ನಷ್ಟವೇ.

ಸಾಲಗಾರರನ್ನು ಸಾರ್ವಜನಿಕವಾಗಿ ಅವಮಾನಿಸಬಾರದು, ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ವಸೂಲಿಗೆ ಫೋನ್ ಮಾಡಬಾರದು ಎಂದು ರಿಸರ್ವ್ ಬ್ಯಾಂಕು 2022ರ ಆಗಸ್ಟಿನಲ್ಲಿ ಸುತ್ತೋಲೆ ಹೊರಡಿಸಿತು. ಮನೆ ಮುಂದೆ ನಿಂತು ಕೂಗಾಡುವ ಏಜೆಂಟರನ್ನು ಎಲ್ಲರೂ ಬೈಯುತ್ತೇವೆ. ಬೋಗಿಯಲ್ಲಿ ಕೂತು ಅದೇ ಸಾಲದ ಕಥೆಯನ್ನು ಫೋನಿನಲ್ಲಿ ಬಿಚ್ಚುವವನೂ ನನ್ನ ಲೆಕ್ಕದಲ್ಲಿ ಅದೇ ಜಾತಿ. ಇವನಿಗೆ ತಾನು ಕೂಗಾಡುತ್ತಿದ್ದೇನೆಂದೂ ಗೊತ್ತಿರುವುದಿಲ್ಲ. ಸ್ಪೀಕರ್ ಬೇರೆ ಆನ್ ಮಾಡಿರುತ್ತಾನೆ.

ನಮ್ಮ ಕಡೆಯ ರೈತರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಸಿದ್ಧಗಂಗೆಯ ದನಗಳ ಜಾತ್ರೆಗೆ ಹೋದವರಿಗೆ ಗೊತ್ತು: ಟವೆಲ್ ಕೆಳಗೆ ಬೆರಳು ಹಿಡಿದೇ ಎತ್ತಿನ ವ್ಯಾಪಾರ ಮುಗಿಸುತ್ತಾರೆ. ಸುತ್ತ ಜನ ನೆರೆದಿದ್ದರೂ ದರ ಇಬ್ಬರಿಗೆ, ಹೆಚ್ಚೆಂದರೆ ದಲ್ಲಾಳಿಗೆ.

ಹಾಗಂತ ನಾನೇನು ಮೌನವ್ರತ ಹಿಡಿದಿಲ್ಲ. ವರ್ಗಾವಣೆ, ಡಿಎ, ಕ್ಯಾಂಟೀನಿನ ಸಾಂಬಾರು, ಎಲ್ಲಕ್ಕೂ ಬಾಯಿ ಹಾಕುತ್ತೇನೆ. ಫೋನ್ ಎತ್ತಲೇಬೇಕಾದರೆ ‘ಹೂಂ’, ‘ಇಲ್ಲ’ಗಳಲ್ಲಿ ಮುಗಿಸುತ್ತೇನೆ. ಆ ಕಡೆಯವರು ಖಾತೆ ನಂಬರ್ ಕೇಳಿದರೆ ಯಶವಂತಪುರದಲ್ಲಿ ಇಳಿದು ಮೆಸೇಜು ಮಾಡುತ್ತೇನೆ. ಲ್ಯಾಪ್‌ಟಾಪ್ ಅಂತೂ ಬ್ಯಾಗಿನಿಂದ ಹೊರಗೆ ಬರುವುದಿಲ್ಲ.

ಕಾನೂನಿನ ವಿಷಯ ಕೇಳಿದರೆ ಮಾತ್ರ ಬೋಗಿಗೆಲ್ಲ ಕೇಳುವಂತೆ ಹೇಳುತ್ತೇನೆ. ನೋಟಿಸಿಗೆ ನೀವು ಲಿಖಿತ ಆಕ್ಷೇಪಣೆ ಕೊಡಬಹುದು, ಅದು ತಲುಪಿದ 15 ದಿನಗಳೊಳಗೆ ಬ್ಯಾಂಕು ಉತ್ತರಿಸಲೇಬೇಕು. ಕೃಷಿ ಜಮೀನಿನ ಮೇಲೆ ಸರ್ಫೇಸಿ ನಡೆಯುವುದಿಲ್ಲ. ನಿಮ್ಮದೇ ನೋಟಿಸ್ ಇದ್ದರೆ ಅದನ್ನು ಬೋಗಿಯಲ್ಲಿ ತೆಗೆಯಬೇಡಿ, ಭಾನುವಾರ ಮನೆಗೆ ಬನ್ನಿ.