ಮಗನೇ ಅಪ್ಪನ ಕುಡಿತವನ್ನು ಆಡಿ ತೋರಿಸಿದರೆ ಜನ ನಗಬಹುದೇ?

ಲಂಡನ್ನಿನಲ್ಲಿ ನೋಡಿದ ಒಂದು ನಾಟಕದ ಮಾತನ್ನು ತುಮಕೂರಿನ ಗೆಳೆಯರ ನಡುವೆ ಎತ್ತಿದಾಗಲೆಲ್ಲ ನನಗೆ ಎದುರಾಗುವುದು ಒಂದೇ ಪ್ರಶ್ನೆ. ನಾಟಕ ಹೇಗಿತ್ತು ಎಂದು ಯಾರೂ ಕೇಳುವುದಿಲ್ಲ. ‘ಅಲ್ಲ ಸಾರ್, ಹೆತ್ತಪ್ಪ ಕುಡೀತಿದ್ದ ಅಂತ ಮಗನೇ ವೇಷ ಹಾಕಿ ತೋರಿಸೋದು, ಜನ ದುಡ್ಡು ಕೊಟ್ಟು ಬಂದು ನಗೋದು, ಇದು ಸರೀನಾ?’ ಎಂದೇ ಕೇಳುತ್ತಾರೆ. ಕೇಳುವವರು ಸಾಮಾನ್ಯರಲ್ಲ; ರಾತ್ರಿಯಿಡೀ ಕೂತು ‘ಕುರುಕ್ಷೇತ್ರ’ ನೋಡಿದವರು, ಕೆಲವರು ಸ್ವತಃ ಬಣ್ಣ ಹಚ್ಚಿದವರು. ಆದ್ದರಿಂದ ಹಾರಿಕೆಯ ಉತ್ತರ ಕೊಟ್ಟು ತಪ್ಪಿಸಿಕೊಳ್ಳುವಂತಿಲ್ಲ.

ನಾಟಕದ ಹೆಸರು ‘ದಿ ಶಾರ್ಕ್ ಈಸ್ ಬ್ರೋಕನ್’. ಸ್ಟೀವನ್ ಸ್ಪೀಲ್‌ಬರ್ಗ್ ನಿರ್ದೇಶಿಸಿ 1975ರಲ್ಲಿ ತೆರೆಕಂಡು ಭಾರಿ ಹೆಸರು ಮಾಡಿದ, ನರಭಕ್ಷಕ ಶಾರ್ಕ್ ಮೀನಿನ ಕಥೆಯ ‘ಜಾಸ್’ ಚಿತ್ರದ ಚಿತ್ರೀಕರಣವೇ ಅದರ ವಸ್ತು. ಅಮೆರಿಕದ ಮಾರ್ಥಾಸ್ ವಿನ್ಯರ್ಡ್ ದ್ವೀಪದ ಬಳಿ ನಿಜವಾದ ಕಡಲಿನಲ್ಲೇ ಚಿತ್ರೀಕರಿಸಬೇಕೆಂದು ಹೊರಟ ತಂಡದ ಯಾಂತ್ರಿಕ ಶಾರ್ಕ್ ಉಪ್ಪುನೀರಿಗೆ ಇಳಿದದ್ದೇ ತಡ ಕೆಟ್ಟು ನಿಂತಿತು. 55 ದಿನಕ್ಕೆ ಮುಗಿಯಬೇಕಿದ್ದ ಕೆಲಸ 159 ದಿನಕ್ಕೆ ಎಳೆಯಿತು. ಆ ಮೀನು ರಿಪೇರಿಯಾಗುವವರೆಗೆ ಒಂದು ದೋಣಿಯ ಇಕ್ಕಟ್ಟಿನ ಕೋಣೆಯಲ್ಲಿ ಕಾಯುತ್ತ ಕೂತ ಮೂವರು ನಟರು, ಅಂದರೆ ರಾಬರ್ಟ್ ಶಾ, ರಾಯ್ ಶೈಡರ್ ಮತ್ತು ರಿಚರ್ಡ್ ಡ್ರೈಫಸ್, ನಾಟಕದ ಪಾತ್ರಗಳು. ಬರೆದವರು ಇಯಾನ್ ಶಾ ಮತ್ತು ಜೋಸೆಫ್ ನಿಕ್ಸನ್. ಇಯಾನ್, ರಾಬರ್ಟ್ ಶಾ ಅವರ ಮಗ. ಅಪ್ಪನ ಪಾತ್ರವನ್ನು ಆಡುವವರೂ ಅವರೇ. 2019ರಲ್ಲಿ ಎಡಿನ್‌ಬರೋ ಫ್ರಿಂಜ್ ಉತ್ಸವದಲ್ಲಿ ಮೊದಲು ಕಂಡ ಈ ನಾಟಕ 2021ರ ಅಕ್ಟೋಬರ್‌ನಲ್ಲಿ ಲಂಡನ್ನಿನ ಆಂಬಾಸಡರ್ಸ್ ರಂಗಮಂದಿರಕ್ಕೆ ಬಂತು. ಮಗಳ ಮನೆಯಲ್ಲಿದ್ದ ನಾನು ನೋಡಿದ್ದು ಆಗಲೇ.

ಜನ ನಕ್ಕರು, ಧಾರಾಳವಾಗಿ ನಕ್ಕರು. ಆದರೆ ಯಾವುದಕ್ಕೆ ನಕ್ಕರು ಎಂಬುದನ್ನು ಬಿಡಿಸಿ ನೋಡಬೇಕು. ಹೆಚ್ಚಿನ ನಗು ಹುಟ್ಟುವುದು ವೇದಿಕೆಯ ಮೇಲಿರುವವರಿಗೆ ತಿಳಿಯದ್ದು ಕೂತವರಿಗೆ ತಿಳಿದಿರುವುದರಿಂದ. ಇಂಥ ಚಿತ್ರವನ್ನು ಐವತ್ತು ವರ್ಷಗಳ ಮೇಲೆ ಯಾರು ನೆನೆಯುತ್ತಾರೆ ಎಂದು ಶಾ ಪಾತ್ರ ತಾತ್ಸಾರದಿಂದ ನುಡಿದಾಗ ಸಭಾಂಗಣವಿಡೀ ಗೊಳ್ಳೆನ್ನುತ್ತದೆ. ಚಿತ್ರೀಕರಣ ನಡೆದದ್ದು 1974ರಲ್ಲಿ, ಅಮೆರಿಕದ ಅಧ್ಯಕ್ಷ ರಿಚರ್ಡ್ ನಿಕ್ಸನ್ ವಾಟರ್‌ಗೇಟ್ ಹಗರಣದಿಂದಾಗಿ ರಾಜೀನಾಮೆ ಕೊಟ್ಟ ವರ್ಷ. ಇವನಿಗಿಂತ ನೀತಿಗೆಟ್ಟ ಅಧ್ಯಕ್ಷ ಇನ್ನು ಬರಲಾರ ಎಂಬರ್ಥದ ಮಾತಿಗೆ ಅದಕ್ಕಿಂತ ದೊಡ್ಡ ನಗು. ಇವು ಸುಲಭದ ನಗುಗಳು, ಬರೆದವರು ಸ್ವಲ್ಪ ಅತಿಯಾಗಿಯೇ ಬಳಸಿಕೊಂಡಿದ್ದಾರೆ ಎಂದು ನನಗನ್ನಿಸಿತು. ಅಪ್ಪನ ಕುಡಿತಕ್ಕೆ ಬಂದ ನಗುವಿನ ಜಾತಿಯೇ ಬೇರೆ.

ಶಾ ಬಾಟಲಿಗಳನ್ನು ಕೋಣೆಯ ಮೂಲೆಮೂಲೆಯಲ್ಲಿ ಅಡಗಿಸಿಟ್ಟಿರುತ್ತಾನೆ. ಒಂದೊಂದು ಸಲ ಕೈ ಒಂದೊಂದು ಅನಿರೀಕ್ಷಿತ ಜಾಗದಿಂದ ಒಂದನ್ನು ಹೊರತೆಗೆದಾಗಲೂ ಜನ ನಗುತ್ತಾರೆ. ಆಮೇಲೆ ಮೂವರೂ ತಮ್ಮ ತಮ್ಮ ತಂದೆಯರ ಬಗ್ಗೆ ಮಾತಿಗೆ ತೊಡಗುತ್ತಾರೆ. ರಾಬರ್ಟ್ ಶಾ ಅವರ ತಂದೆ ವೈದ್ಯರು. ಅವರೂ ಕುಡಿತಕ್ಕೆ ಬಿದ್ದು, ಮಗನಿಗೆ ಹನ್ನೆರಡು ವರ್ಷವಾಗಿದ್ದಾಗ ಆತ್ಮಹತ್ಯೆ ಮಾಡಿಕೊಂಡವರು. ಆ ಸಂಗತಿ ಬಾಯಿಗೆ ಬಂದ ಮೇಲೆ ಗ್ಲಾಸು ಮತ್ತೆ ತುಂಬುವುದನ್ನು ನೋಡಿ ನಗಲು ಯಾರಿಗೂ ಮನಸ್ಸಾಗಲಿಲ್ಲ. ನನ್ನ ಮುಂದಿನ ಸಾಲಿನಲ್ಲಿ ಅಲ್ಲಿಯವರೆಗೆ ಎಲ್ಲದಕ್ಕೂ ಮುಂಚೆ ನಗುತ್ತಿದ್ದ ಒಬ್ಬ ಧಡೂತಿ ಮನುಷ್ಯ ಕೈಕಟ್ಟಿ ಹಿಂದಕ್ಕೆ ಒರಗಿಬಿಟ್ಟ. ವೇದಿಕೆಯ ಮೇಲೆ ಇದ್ದದ್ದು ಅದೇ ಬಾಟಲಿ, ಅದೇ ಕೈ.

ಇನ್ನೊಂದು ಸಂಗತಿ ಸಭೆಯಲ್ಲಿದ್ದ ಬಹುಮಂದಿಗೆ ಗೊತ್ತಿತ್ತು. ರಾಬರ್ಟ್ ಶಾ 1978ರಲ್ಲಿ, 51ನೆಯ ವಯಸ್ಸಿನಲ್ಲಿ, ಹೃದಯಾಘಾತದಿಂದ ತೀರಿಕೊಂಡರು. ಇಯಾನ್ ಆಗ ಇನ್ನೂ ಚಿಕ್ಕ ಹುಡುಗ. ಲಂಡನ್ನಿನಲ್ಲಿ ಅಪ್ಪನ ವೇಷ ತೊಟ್ಟು ನಿಂತಾಗ ಮಗ ಹೆಚ್ಚುಕಡಿಮೆ ಅದೇ ವಯಸ್ಸಿಗೆ ಬಂದಿದ್ದ. ಕುಡಿತ ಬಿಡಲು ಹೆಣಗುತ್ತಿದ್ದ ಅಪ್ಪ ಬರೆದಿಟ್ಟಿದ್ದ ದಿನಚರಿಯನ್ನು ಓದಿದ್ದೂ ಈ ನಾಟಕಕ್ಕೆ ಒಂದು ಪ್ರೇರಣೆ ಎಂದು ಇಯಾನ್ ಹೇಳಿಕೊಂಡಿದ್ದಾರೆ. ಹೀಗಾಗಿ ಪ್ರೇಕ್ಷಕರು ನೋಡುತ್ತಿದ್ದದ್ದು ಒಬ್ಬ ಕುಡುಕನನ್ನಷ್ಟೇ ಅಲ್ಲ, ಅವನನ್ನು ಕಳೆದುಕೊಂಡ ಹುಡುಗನನ್ನೂ.

ಇದು ನಮ್ಮ ಜಿಲ್ಲೆಯವರಿಗೆ ಅರ್ಥವಾಗದ ವಿಷಯವೇನಲ್ಲ. ಗುಬ್ಬಿ, ತುರುವೇಕೆರೆ, ಕುಣಿಗಲ್ ಕಡೆಯ ಯಾವುದೇ ಹಳ್ಳಿಯ ಕುರುಕ್ಷೇತ್ರವನ್ನು ನೆನಪಿಸಿಕೊಳ್ಳಿ. ಪಾತ್ರಕ್ಕೆ ದುಡ್ಡು ಕಟ್ಟಿ, ತಿಂಗಳುಗಟ್ಟಲೆ ಹಾರ್ಮೋನಿಯಂ ಮೇಷ್ಟ್ರ ಹತ್ತಿರ ಕಂದಪದ್ಯ ಕಲಿತು ಬಂದ ದುರ್ಯೋಧನ ರಂಗಕ್ಕೆ ಬಂದಾಗ, ಇಂಥ ಊರಿನ ಇಂಥವರ ಮಗ ಎಂದು ಮೈಕಿನಲ್ಲಿ ಕೂಗುತ್ತಾರೆ. ಭೀಮನ ಮೇಲೆ ಅವನು ಹಲ್ಲು ಕಡಿಯುತ್ತಿರುವಾಗಲೇ ಸೋದರಮಾವ ಮೇಲೆ ಹತ್ತಿ, ಹಾರ ಹಾಕಿ, ಎದೆಗೆ ನೋಟು ಸಿಕ್ಕಿಸಿ, ಫೋಟೋ ತೆಗೆಸಿಕೊಂಡು ಇಳಿಯುತ್ತಾನೆ. ದುರ್ಯೋಧನ ಅಲ್ಲಿಂದಲೇ ಪದ್ಯ ಮುಂದುವರಿಸುತ್ತಾನೆ. ಪಾತ್ರವನ್ನೂ ಪಾತ್ರಧಾರಿಯ ಮನೆತನವನ್ನೂ ಒಂದೇ ನೋಟದಲ್ಲಿ ಕಾಣುವ ಅಭ್ಯಾಸ ನಮ್ಮ ಪ್ರೇಕ್ಷಕನಿಗೆ ಹಿಂದಿನಿಂದಲೂ ಇದೆ. ಲಂಡನ್ನಿನವರು ಟಿಕೆಟ್ ಕೊಂಡು ಬಂದದ್ದು ಅದೇ ಅನುಭವಕ್ಕೆ, ಹಾರ ತುರಾಯಿ ಇರಲಿಲ್ಲವೆಂಬುದಷ್ಟೇ ವ್ಯತ್ಯಾಸ.

ಆದ್ದರಿಂದ ಗೆಳೆಯರ ಪ್ರಶ್ನೆಗೆ ನನ್ನ ಉತ್ತರ: ಸರಿ. ಅಪ್ಪನ ದೌರ್ಬಲ್ಯವನ್ನು ಹೇಳುವ ಹಕ್ಕು ಯಾರಿಗಾದರೂ ಇದ್ದರೆ ಅದರಿಂದ ನೊಂದ ಮಗನಿಗಿದೆ, ಮತ್ತು ಈ ಮಗ ಅಪ್ಪನನ್ನು ಅಲ್ಲಿಗೇ ಬಿಟ್ಟು ಹೋಗುವುದಿಲ್ಲ. ‘ಜಾಸ್’ ಚಿತ್ರದಲ್ಲಿ ಶಾ ಅವರ ಪಾತ್ರ, ಎರಡನೆಯ ಮಹಾಯುದ್ಧದಲ್ಲಿ ಇಂಡಿಯಾನಾಪೊಲಿಸ್ ಎಂಬ ಅಮೆರಿಕದ ಯುದ್ಧನೌಕೆ ಮುಳುಗಿದ ಕಥೆಯನ್ನು ಹೇಳುವ ಪ್ರಸಿದ್ಧ ಮಾತುಗಾರಿಕೆಯ ದೃಶ್ಯವೊಂದಿದೆ. ರಾಬರ್ಟ್ ಶಾ ನಾಟಕಕಾರರೂ ಕಾದಂಬರಿಕಾರರೂ ಆಗಿದ್ದರಿಂದ ಆ ಮಾತುಗಳನ್ನು ತಾವೇ ತಿದ್ದಿ ಬಿಗಿಗೊಳಿಸಿದ್ದರು. ಮೊದಲು ಕುಡಿದು ಅಭಿನಯಿಸಲು ಹೋಗಿ ಕೆಡಿಸಿ, ಮರುದಿನ ಅಮಲಿಲ್ಲದೆ ಬಂದು ಸಲೀಸಾಗಿ ಮುಗಿಸಿದರೆಂಬುದನ್ನು ಸ್ಪೀಲ್‌ಬರ್ಗ್ ಹೇಳಿದ್ದಾರೆ. ನಾಟಕ ಮುಗಿಯುವುದು ಆ ಮಾತುಗಳಿಂದಲೇ. ನಾನು ನೋಡಿದ ದಿನ ಆ ಹೊತ್ತಿನಲ್ಲಿ ಒಂದು ಕೆಮ್ಮೂ ಕೇಳಲಿಲ್ಲ.

ನನಗೆ ಇಂದಿಗೂ ಇತ್ಯರ್ಥವಾಗದೆ ಉಳಿದಿರುವುದು ಯಾರೂ ಕೇಳದ ಇನ್ನೊಂದು ಪ್ರಶ್ನೆ. ಮೂವರಲ್ಲಿ ಶೈಡರ್ 2008ರಲ್ಲಿ ತೀರಿಕೊಂಡರು. ನಾಟಕ 2023ರಲ್ಲಿ ನ್ಯೂಯಾರ್ಕಿನ ರಂಗಮಂದಿರಗಳ ಕೇಂದ್ರವಾದ ಬ್ರಾಡ್‌ವೇಗೆ ಹೋಗುವ ಹೊತ್ತಿಗೆ ಬದುಕಿದ್ದವರು ಡ್ರೈಫಸ್ ಒಬ್ಬರೇ. ಅವರು ಹೋಗಿ ನೋಡಿದರು, ನೊಂದರು. ತಮ್ಮನ್ನು ಒಬ್ಬ ಮೂರ್ಖನಂತೆ ಚಿತ್ರಿಸಲಾಗಿದೆ, ಬರೆಯುವ ಮುನ್ನ ತಮ್ಮನ್ನು ಯಾರೂ ಒಂದು ಮಾತೂ ಕೇಳಲಿಲ್ಲ, ಶಾ ಅವರೊಂದಿಗಿನ ಜಗಳವನ್ನು ಹಿಗ್ಗಿಸಲಾಗಿದೆ ಎಂಬುದು ಅವರ ಆಕ್ಷೇಪ. ಸುತ್ತಲಿನವರು ನಗುತ್ತಿದ್ದದ್ದು ಆ ಅತಿಯಾದ ಚಡಪಡಿಕೆಯ, ಹೆಸರಿಗಾಗಿ ಹಂಬಲಿಸುವ ಯುವಕನ ಪಾತ್ರಕ್ಕೆ. ಆ ಯುವಕ ಎಪ್ಪತ್ತೈದು ದಾಟಿ ಅವರ ನಡುವೆಯೇ ಕೂತಿದ್ದ. ಶಾ ಅವರ ಕೈಯಿಂದ ವಿಸ್ಕಿ ಗ್ಲಾಸನ್ನು ಕಿತ್ತು ಕಡಲಿಗೆ ಎಸೆದ ಕಥೆಯನ್ನು ಸಂದರ್ಶನಗಳಲ್ಲಿ ಹೇಳಿದವರು ಸ್ವತಃ ಡ್ರೈಫಸ್ ಅವರೇ ಎಂಬುದು ನಿಜ. ಆದರೂ ತನ್ನ ಕಥೆಯನ್ನು ತಾನೇ ನಗುತ್ತ ಹೇಳುವುದು ಬೇರೆ, ಎದುರಾಳಿಯ ಮಗ ಬರೆದು ಆಡಿಸುವುದು ಬೇರೆ. ತನ್ನ ಅಪ್ಪನ ಬಗ್ಗೆ ಇಯಾನ್‌ಗೆ ಇರುವ ಹಕ್ಕು ಡ್ರೈಫಸ್ ಬಗ್ಗೆ ಇಲ್ಲ. ಕೇಳಬಹುದಾಗಿತ್ತು, ಕೇಳಬೇಕಾಗಿತ್ತು ಎಂದೇ ನನ್ನ ಅಭಿಪ್ರಾಯ.

ಇದನ್ನು ಒತ್ತಿ ಹೇಳಲು ಕಾರಣವಿದೆ. ‘ಬೇಡರ ಕಣ್ಣಪ್ಪ’ ಚಿತ್ರ ತಯಾರಾದ ಬಗೆಯನ್ನೇ ನಾವೂ ಏಕೆ ನಾಟಕ ಮಾಡಬಾರದು ಎಂಬ ಮಾತು ನಮ್ಮ ಗೆಳೆಯರ ಬಳಗದಲ್ಲಿ ಆಗಾಗ ಏಳುತ್ತದೆ. ವಸ್ತುವಿಗೇನೂ ಕೊರತೆಯಿಲ್ಲ: 1954ರ ಚಿತ್ರ, ನಮ್ಮ ಗುಬ್ಬಿ ವೀರಣ್ಣನವರ ಪಾಲುದಾರಿಕೆ, ಎಚ್.ಎಲ್.ಎನ್. ಸಿಂಹ ಅವರ ನಿರ್ದೇಶನ, ಕಂಪನಿ ನಾಟಕದಿಂದ ಬಂದ ಮುತ್ತುರಾಜ ರಾಜ್‌ಕುಮಾರ್ ಆಗಿ ಮೊದಲ ಸಲ ನಾಯಕನಾದ ಗಳಿಗೆ. ಕುಡಿತದ ಗೊಡವೆ ಅಲ್ಲಿ ಬೇಕಾಗಿಲ್ಲ. ಆದರೆ ಹೊಸ ನಟನ ಅಳುಕನ್ನೋ ಸೆಟ್ಟಿನ ಒಂದು ಸಣ್ಣ ಮನಸ್ತಾಪವನ್ನೋ ತೋರಿಸಿ ನಗಿಸಿದರೆ ಅಣ್ಣಾವ್ರ ಅಭಿಮಾನಿಗಳು ಎದ್ದು ನಿಲ್ಲುತ್ತಾರೆ ಎಂದು ಎಲ್ಲರೂ ಹೆದರುತ್ತಾರೆ. ನನ್ನ ಚಿಂತೆ ಅಭಿಮಾನಿಗಳದ್ದಲ್ಲ. ಆ ಸೆಟ್ಟಿನಲ್ಲಿ ದುಡಿದ ಸಣ್ಣಪುಟ್ಟ ಕಲಾವಿದರ ಮಕ್ಕಳು, ಮೊಮ್ಮಕ್ಕಳು ಈ ನಾಡಿನಲ್ಲೇ ಇದ್ದಾರೆ. ಪ್ರದರ್ಶನ ತುಮಕೂರಿನಲ್ಲಾದರೆ ಅವರಲ್ಲಿ ಕೆಲವರಾದರೂ ಬಂದು ಕೂರುತ್ತಾರೆ. ಬರೆಯಲು ಕೂರುವ ಮುನ್ನ ಅವರನ್ನು ಹುಡುಕಿ ಮಾತಾಡಿಸೋಣ ಎಂದು ನಾನು ಹೇಳಿದರೆ, ‘ಹಂಗೆ ಎಲ್ಲರನ್ನೂ ಕೇಳ್ತಾ ಹೋದ್ರೆ ನಾಟಕ ಆದಂಗೇ ಸಾರ್’ ಎನ್ನುತ್ತಾರೆ. ಅವರ ಮಾತಿನಲ್ಲೂ ಹುರುಳಿದೆ, ಒಪ್ಪುತ್ತೇನೆ. ಕೇಳಿದ ಮೇಲೆ ಅವರು ಬೇಡವೆಂದದ್ದನ್ನೂ ಬರೆಯಬೇಕಾಗಬಹುದು. ಕೇಳದೆ ಬರೆಯುವುದಕ್ಕೆ ಮಾತ್ರ ನಾನು ಈವರೆಗೆ ಒಪ್ಪಿಲ್ಲ.