ಹೆರೆಮಣೆಗೆ ನಾಲಿಗೆ: ಕುಲುಮೆಯಲ್ಲಿ ಈವರೆಗೆ ಆದದ್ದು

ಏಪ್ರಿಲ್, ಶಾಲೆಗೆ ರಜೆ

ಈ ರಜೆಗೆ ಕೆಲಸ ಒಂದೇ, ಹೆರೆಮಣೆ, ಅಂದರೆ ತೆಂಗಿನಕಾಯಿ ತುರಿಯುವ ಮಣೆ. ಹಲಸಿನ ಮಣೆಯನ್ನು ಬಡಗಿ ಮಾಡಿಕೊಡುತ್ತಾರೆ. ಕಾಯಿ ಹೆರೆಯುವ ಕಬ್ಬಿಣದ ನಾಲಿಗೆ, ಅದನ್ನು ಹೊತ್ತ ಕುತ್ತಿಗೆ ಎರಡೂ ನನ್ನ ಕೈಯಿಂದ ಆಗಬೇಕು. ಕಾಸರಗೋಡಿನ ಬದಿಯಡ್ಕದ ಹತ್ತಿರ ಒಬ್ಬರು ಆಚಾರಿಯವರ ಕುಲುಮೆಯಲ್ಲಿ ಕಲಿಯುತ್ತಿದ್ದೇನೆ. ಅವರಿಗೆ ಬರುವುದು ಹೆಚ್ಚಾಗಿ ಕತ್ತಿ ಹದ ಮಾಡುವ ಕೆಲಸ, ಇಲ್ಲವೇ ಹಾರೆ, ಪಿಕ್ಕಾಸಿಗೆ ಮೊನೆ ಕೊಡುವ ಕೆಲಸ. ಬೆಳಿಗ್ಗೆ ಅದು ಮುಗಿದರೆ ಮಧ್ಯಾಹ್ನದ ಮೇಲೆ ಒಲೆ ನನಗೆ.

ಹೊಸಬರಿಗಾಗಿ ಒಂದು ಮಾತು. ನಾನು ಕನ್ನಡ ಮಾಧ್ಯಮ ಶಾಲೆಯಲ್ಲಿ ಚಿತ್ರಕಲೆ ಟೀಚರ್. ಆಟಿಸಂ, ಎಡಿಎಚ್‌ಡಿ (ಗಮನ ಒಂದೆಡೆ ನಿಲ್ಲದ, ಚಡಪಡಿಸುವ ಸ್ಥಿತಿ) ಎರಡೂ ಇದೆ ಅಂತ ಗೊತ್ತಾದದ್ದು ಮೂವತ್ತು ದಾಟಿದ ಮೇಲೆ. ಅಮೆರಿಕದ ಮನೋವೈದ್ಯರ ಕೈಪಿಡಿ ಡಿಎಸ್‌ಎಂನ ಐದನೇ ಆವೃತ್ತಿ 2013ರಲ್ಲಿ ಬಂತು. ಅದಕ್ಕೆ ಮೊದಲು ಒಬ್ಬರಿಗೇ ಇವೆರಡನ್ನೂ ಬರೆಯುವಂತಿರಲಿಲ್ಲ. ನನ್ನ ಪ್ರಾಯದವರಿಗೆ ತಡವಾಗಿ ತಿಳಿಯುವುದರಲ್ಲಿ ಆಶ್ಚರ್ಯ ಏನಿಲ್ಲ ಬಿಡಿ. (ನಮ್ಮ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಆಟಿಸಂ ಇದೆ, ಎಡಿಎಚ್‌ಡಿ ಇಲ್ಲ. ಅಂದರೆ ಕಾಗದದ ಪ್ರಕಾರ ನನಗೆ ಅರ್ಧವೇ ಇರುವುದು!)

ಮನೆಯ ಅಟ್ಟದಲ್ಲಿ ಅರ್ಧಕ್ಕೆ ನಿಂತ ಕ್ಯಾನ್ವಾಸುಗಳ ರಾಶಿಯಿದೆ. ಅವಕ್ಕೆ ಅವಸರ ಇಲ್ಲ, ನಾಳೆಯೂ ಹಾಗೇ ಇರುತ್ತವೆ. ನನ್ನ ಮಟ್ಟಿಗೆ ಅದೇ ತೊಂದರೆ. ಕಾದ ಕಬ್ಬಿಣ ಹಾಗೆ ಕಾದು ಕೂರುವುದಿಲ್ಲ. ಒಲೆಯಿಂದ ತೆಗೆದ ಕ್ಷಣದಿಂದ ಬಣ್ಣ ಇಳಿಯತೊಡಗುತ್ತದೆ. ಕಪ್ಪಾಗುವುದರೊಳಗೆ ನಾಲ್ಕು ಪೆಟ್ಟು, ಮತ್ತೆ ಒಲೆಗೆ. ಹೊತ್ತಿನ ಲೆಕ್ಕ ತಪ್ಪುವ ನನ್ನ ತಲೆಗೆ ಇಲ್ಲಿ ಆ ಜವಾಬ್ದಾರಿಯೇ ಇಲ್ಲ, ಕಬ್ಬಿಣವೇ ನೋಡಿಕೊಳ್ಳುತ್ತದೆ.

ವಿಷು ಕಳೆದ ಮೇಲೆ

ಗುಜರಿಯಿಂದ ಜೀಪಿನ ಹಳೆಯ ಸ್ಪ್ರಿಂಗ್ ಪ್ಲೇಟ್ ಸಿಕ್ಕಿತು. ಕಿಟಕಿ ಸರಳು ಇದಕ್ಕೆ ಆಗುವುದಿಲ್ಲ. ಅದರಲ್ಲಿ ಕಾರ್ಬನ್ ಶೇ. 0.25ಕ್ಕಿಂತ ಕಡಿಮೆ, ಎಷ್ಟು ಕಾಯಿಸಿ ಅದ್ದಿದರೂ ಗಟ್ಟಿಯಾಗದು. ಪ್ಲೇಟಿನಲ್ಲಿ ಶೇ. 0.5–0.6ರಷ್ಟು ಇರುತ್ತದೆ. ಇನ್ನೊಂದು, ಸತು ಬಳಿದ ಜಿಐ ಪೈಪಿನ ತುಂಡನ್ನು ಮಾತ್ರ ಯಾರೂ ಒಲೆಗೆ ಹಾಕಬೇಡಿ. ಸತುವಿನ ಹೊಗೆ ಕುಡಿದರೆ ಚಳಿಜ್ವರ ಬರುತ್ತದೆ.

ಒಲೆಗೆ ಗೆರಟೆಯ ಇದ್ದಿಲು. ದಪ್ಪ ಪ್ಲೇಟನ್ನು ಎಳೆದು ಕುತ್ತಿಗೆ ಮಾಡಲು ಒಬ್ಬರ ಕೈ ಸಾಲದು. ಆಚಾರಿಯವರು ಇಕ್ಕುಳದಲ್ಲಿ ಹಿಡಿಯುತ್ತಾರೆ, ನಾನು ಚಮ್ಮಟಿಗೆ ಎತ್ತುತ್ತೇನೆ. ಅವರ ಬಲಗೈಯಲ್ಲಿ ಸಣ್ಣ ಸುತ್ತಿಗೆ ಇರುತ್ತದೆ. ಅದು ಟಿಕ್ ಅಂತ ಮುಟ್ಟಿದ ಜಾಗಕ್ಕೇ ನನ್ನ ಪೆಟ್ಟು ಬೀಳಬೇಕು. ಮೆಲ್ಲ ಮುಟ್ಟಿದರೆ ಮೆಲ್ಲ, ಜೋರಾಗಿ ಮುಟ್ಟಿದರೆ ಜೋರು. ಸುತ್ತಿಗೆ ಕಬ್ಬಿಣ ಬಿಟ್ಟು ಅಡಿಗಲ್ಲನ್ನು ಮುಟ್ಟಿತೋ, ನಿಲ್ಲಿಸಬೇಕು. ಒಂದು ಮಾತಿಲ್ಲ.

ನನಗೆ ಇದೆಷ್ಟು ಹಿತ ಅಂದರೆ! ಸ್ಟಾಫ್ ರೂಮಿನಲ್ಲಿ ಯಾರಾದರೂ "ಸ್ವಲ್ಪ ನೋಡಿ ಮಾಡಿ ಟೀಚರ್" ಅಂದರೆ ಏನು ನೋಡಬೇಕು, ಸ್ವಲ್ಪ ಅಂದರೆ ಎಷ್ಟು ಅಂತ ಮಧ್ಯಾಹ್ನದವರೆಗೆ ತಲೆ ತಿನ್ನುತ್ತದೆ. ಇಲ್ಲಿ ಜಾಗ ಗೊತ್ತು, ಜೋರು ಎಷ್ಟು ಅಂತ ಗೊತ್ತು, ಮುಗಿದದ್ದೂ ಗೊತ್ತು. ಮಿಕ್ಸಿ ಸದ್ದಿಗೆ ಕಿವಿ ಮುಚ್ಚಿಕೊಳ್ಳುವವಳು ಇದನ್ನು ಹೇಗೆ ಸಹಿಸುತ್ತೀ ಅಂತ ಮನೆಯಲ್ಲಿ ಕೇಳುತ್ತಾರೆ. ಕಿವಿಗೆ ಮಫ್ ಹಾಕುತ್ತೇನೆ, ಅದು ಹೇಗೂ ಬೇಕು. ಅದಕ್ಕಿಂತ ಹೆಚ್ಚಾಗಿ, ಈ ಸದ್ದು ಯಾವಾಗ ಬರುತ್ತದೆ ಅಂತ ನನಗೆ ಮೊದಲೇ ಗೊತ್ತಿರುತ್ತದೆ.

ಮೇ

ಕುತ್ತಿಗೆಯ ಮೇಲೆ ಹಿಂಗಾರ, ಅಂದರೆ ಅಡಿಕೆಯ ಹೂಗೊಂಚಲು ಬಿಡಿಸಬೇಕು ಅಂತ ನನ್ನ ಆಸೆ. ಹಾಳೆ ಬಿರಿದು ಎಸಳೆಸಳು ಹೊರಗೆ ಬರುವ ಹಾಗೆ. ಸ್ಕೆಚ್ ಪುಸ್ತಕದಲ್ಲಿ ಚಂದ ಬಂದಿತ್ತು. ಆಚಾರಿಯವರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಚಂದ ಉಂಟು ಟೀಚರ್. ಆದರೆ ಕಾಯಿ ಹೆರೆಯುವಾಗ ಕೈಗೆ ತಾಗ್ತದೆ. ತುರಿಯೂ ಅದರೊಳಗೆ ಸಿಕ್ಕಿ ಹುಳಿಬರ್ತದೆ."

ಹಾಗಾಗಿ ಹಿಂಗಾರ ಕೆಳಗಿಳಿಯಿತು, ಕುತ್ತಿಗೆ ಮಣೆಗೆ ಸೇರುವ ಬುಡಕ್ಕೆ. ಅಲ್ಲಿ ಕೈಯೂ ಹೋಗುವುದಿಲ್ಲ, ತುರಿಯೂ ಬೀಳುವುದಿಲ್ಲ. ನೋಡಲು ಈಗಲೇ ಚಂದ ಅನ್ನಿಸುತ್ತದೆ. ಕಾಲೇಜಿನಲ್ಲಿ ಕಾಂಪೋಸಿಷನ್ ಅಂತ ಕಲಿತದ್ದು ನನಗೆ ಇಷ್ಟು ಸ್ಪಷ್ಟವಾಗಿ ಯಾವತ್ತೂ ತಲೆಗೆ ಹೋಗಿರಲಿಲ್ಲ.

ಆಮೇಲೆ ನಾಲಿಗೆಯನ್ನು ಕೆಂಪಗೆ ಕಾಯಿಸಿ ರಾತ್ರಿಯಿಡೀ ಬೂದಿಯಲ್ಲಿ ಹೂತಿಟ್ಟೆವು. ನಿಧಾನ ತಣಿದರೆ ಉಕ್ಕು ಮೆತ್ತಗಾಗುತ್ತದೆ, ಅರಕ್ಕೆ ಬಗ್ಗುತ್ತದೆ. ಹಲ್ಲು ಕೊರೆಯುವುದು ಮೂರು ಮೂಲೆಯ ಅರದಲ್ಲಿ. ಅಂಚಿಗೆ ಗುರುತು ಹಾಕಿ, ನಡುವಿನಿಂದ ಶುರುಮಾಡಿ ಎರಡೂ ಬದಿಗೆ ಹೋಗಬೇಕು. ಅರ ಮುಂದೆ ಹೋಗುವಾಗ ಮಾತ್ರ ಒತ್ತು, ಹಿಂದೆ ಬರುವಾಗ ಎತ್ತಿ ತರಬೇಕು. ಬೇರೆಯವರಿಗೆ ಬೋರ್ ಆಗುವ ಕೆಲಸ ಇದು. ನಾನು ಚಹಾ ಕುಡಿಯುವುದನ್ನೂ ಮರೆತು ಕೂತಿದ್ದೆ.

ಜೂನ್, ಮಳೆ

ಶಾಲೆ ಶುರು. ಇನ್ನು ಶನಿವಾರ ಮಾತ್ರ ಕುಲುಮೆ. ಇದ್ದಿಲು ಚಂಡಿಯಾಗದ ಹಾಗೆ ಟಾರ್ಪಾಲು ಹೊದಿಸಿಟ್ಟಿದ್ದೇವೆ. ಮಳೆಗಾಲದ ಮಬ್ಬು ಬೆಳಕು ಹದ ಕೊಡಲು ಒಳ್ಳೆಯದೇ, ಕಬ್ಬಿಣದ ಬಣ್ಣ ಸರಿಯಾಗಿ ಕಾಣುತ್ತದೆ.

ಕಾದ ನಾಲಿಗೆಗೆ ಆಗಾಗ ಆಯಸ್ಕಾಂತ ಮುಟ್ಟಿಸಿ ನೋಡುವುದು. ಸುಮಾರು 770 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದು ಅಂಟುವುದಿಲ್ಲ. ಅದಕ್ಕಿಂತ ಇನ್ನೂ ಸ್ವಲ್ಪ ಕಾಯಿಸಿ ಎಣ್ಣೆಗೆ. ಈ ಉಕ್ಕನ್ನು ನೀರಿಗೆ ಅದ್ದಿದರೆ ಬಿರುಕು ಬಿಡುವ ಸಂಭವ ಜಾಸ್ತಿ. ಎಣ್ಣೆಯನ್ನೂ ಮೊದಲು ತುಸು ಬಿಸಿ ಮಾಡಿಕೊಳ್ಳಬೇಕು, ಬಿಸಿ ಎಣ್ಣೆ ತೆಳ್ಳಗಾಗಿ ಬೇಗ ಶಾಖ ಎಳೆಯುತ್ತದೆ. ನಾವು ಹಾಕಿದ್ದು ತೆಂಗಿನೆಣ್ಣೆ. ಈಗಿನ ರೇಟಿಗೆ ಅದನ್ನು ಕಂಡು ಅಮ್ಮನ ಮುಖ ಹೇಗಾಯಿತು ಅಂತ ಬರೆಯುವುದಿಲ್ಲ.

ಅದ್ದಿ ತೆಗೆದ ನಾಲಿಗೆಯ ಮೇಲೆ ಅರ ಜಾರಿತು. ಗಟ್ಟಿಯಾಗಿದೆ, ಆದರೆ ಗಾಜಿನ ಹಾಗೆ, ಕೆಳಗೆ ಬಿದ್ದರೆ ಹಲ್ಲು ಹೋದೀತು. ಒಂದು ಮುಖ ಉಜ್ಜಿ ಹೊಳಪು ಬರಿಸಿ, ಕುತ್ತಿಗೆಯನ್ನು ಕಾದ ಕಬ್ಬಿಣದ ಗಟ್ಟಿಯ ಮೇಲಿಟ್ಟೆವು. ಬಣ್ಣ ಹರಿಯತೊಡಗಿತು. ಮೊದಲು ಒಣಹುಲ್ಲಿನ ಹಳದಿ, ಹಿಂದಿನಿಂದ ಕಂದು, ನೇರಳೆ, ನೀಲಿ. ಮೇಲ್ಮೈಯಲ್ಲಿ ಕೂರುವ ಆಕ್ಸೈಡಿನ ತೆಳು ಪದರದ ಬಣ್ಣ ಅದು. ನಾನು ಬಣ್ಣದವಳೇ ಆದರೂ ಯಾವ ಟ್ಯೂಬಿನಲ್ಲೂ ಇಂಥ ನೇರಳೆ ಕಂಡಿಲ್ಲ. ಹಲ್ಲಿನ ಅಂಚು ಕಂದುಹಳದಿ ಆದಾಗ, ಅಂದರೆ ಸುಮಾರು 250 ಡಿಗ್ರಿಯಲ್ಲಿ, ಮತ್ತೆ ಎಣ್ಣೆಗೆ. ಅಷ್ಟರಲ್ಲಿ ಕುತ್ತಿಗೆ ನೀಲಿಯಾಗಿತ್ತು. ಬೇಕಾದ್ದೂ ಅದೇ. ಹಲ್ಲು ಗಟ್ಟಿ ಇರಬೇಕು, ಕುತ್ತಿಗೆ ಮುರಿಯಬಾರದು.

ತರಗತಿಯಲ್ಲಿ ಒಂದು ಹೊಸ ಪ್ರಯೋಗ ನಡೆದಿದೆ. ಮುಚ್ಚಳವಿರುವ ಡಬ್ಬಿಯಲ್ಲಿ ದಾಸವಾಳದ ಕಡ್ಡಿ ತುಂಬಿ, ಮುಚ್ಚಳಕ್ಕೆ ಸಣ್ಣ ತೂತು ಮಾಡಿ ಒಲೆಯಲ್ಲಿಟ್ಟರೆ ಚಿತ್ರ ಬಿಡಿಸುವ ಇದ್ದಿಲು ಸಿಗುತ್ತದೆ. ಅದನ್ನು ಏಳನೇ ಕ್ಲಾಸಿಗೆ ಒಯ್ದೆ. ಇಬ್ಬರಿಗೆ ಒಂದು ಹಾಳೆ. ಒಬ್ಬರು ಪೆನ್ಸಿಲಿನಿಂದ ಹಾಳೆಯನ್ನು ಮುಟ್ಟುವುದು, ಇನ್ನೊಬ್ಬರು ಅಲ್ಲಿಗೇ ಗೆರೆ ಎಳೆಯುವುದು. ಡೆಸ್ಕ್ ಮುಟ್ಟಿದರೆ ನಿಲ್ಲಿಸುವುದು. ಮಾತಾಡುವಂತಿಲ್ಲ. ಕೂತಲ್ಲಿ ಕೂರದ ಒಬ್ಬ ಹುಡುಗ ಇದ್ದಾನೆ, ನನ್ನ ಥರದವನೇ. ಪೀರಿಯಡ್ ಪೂರ್ತಿ ಪೆನ್ಸಿಲ್ ಮುಟ್ಟಿಸಿದ. ಅವನ ಜೊತೆಗಾರ ಎಳೆದ ಗೆರೆಗಳಲ್ಲಿ ಒಂದು ಆಟೋರಿಕ್ಷಾ ಮೂಡಿತ್ತು. ಮರುದಿನ ಬಂದು "ಟೀಚರ್, ಇವತ್ತೂ ಉಂಟಾ?" ಅಂತ ಕೇಳಿದ.

ಬಾಕಿ ಇರುವುದು: ಕುತ್ತಿಗೆಯನ್ನು ಮಣೆಗೆ ಕೂರಿಸಿ ರಿವೆಟ್ ಹೊಡೆಯುವುದು. ಮೊದಲ ಕಾಯಿ ಹೆರೆಯುವುದು ಚಿಕ್ಕಮ್ಮ ಅಂತ ತೀರ್ಮಾನವಾಗಿದೆ. ಹಲ್ಲು ನೋಡಿ ಅವರು "ಇದು ಪಲ್ಯಕ್ಕಾದೀತು, ಚಟ್ನಿಗೆ ಇನ್ನೂ ಸಣ್ಣ ಬೇಕು" ಅಂದರು. ಎರಡನೇ ನಾಲಿಗೆಗೆ ಪ್ಲೇಟಿನ ತುಂಡು ಉಳಿದಿದೆ. ಸಣ್ಣ ಅರ ಇಲ್ಲಿ ಸಿಗುತ್ತಿಲ್ಲ, ಕಾಸರಗೋಡಿಗೇ ಹೋಗಬೇಕು.